ಪಂಪು ನಮ್ಮದು, ನೆಲ ನಮ್ಮದಲ್ಲ

ಎಂಬತ್ತರ ದಶಕದ ಕೊನೆಗೆ ನಾವು ಸಿಡ್ನಿಯಲ್ಲಿದ್ದಾಗ ನನಗೆ ಸಿಕ್ಕ ಕೆಲಸ ಟೇಪ್ ಕೇಳಿಕೊಂಡು ಟೈಪ್ ಮಾಡುವುದು. ಮದುವೆಗೆ ಮುಂಚೆ ಮೈಸೂರಿನಲ್ಲಿ ಸೀನಿಯರ್ ಟೈಪಿಂಗ್ ಪಾಸು ಮಾಡಿದ್ದು ಅಷ್ಟು ದೂರದಲ್ಲಿ ಕೈಹಿಡಿಯಿತು. ನಾರ್ತ್ ಸಿಡ್ನಿಯಲ್ಲಿ ಸ್ಯಾಂಡ್‌ವಿಚ್ ಅಂಗಡಿಯ ಮೇಲೊಂದು ಪುಟ್ಟ ಆಫೀಸು. ಬೆಳಿಗ್ಗೆ ಬೇಕನ್ ಎಂಬ ಹಂದಿಮಾಂಸ ಕರಿಯುವ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಮೊದಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದೆ, ಆಮೇಲೆ ರೂಢಿಯಾಯಿತು. ಕಂಪನಿಗಳ ಮೀಟಿಂಗು, ಇನ್ಶೂರೆನ್ಸ್ ವಿಚಾರಣೆ, ಏನು ಬಂದರೂ ಟೈಪ್ ಮಾಡಿಕೊಡುತ್ತಿದ್ದೆವು. ಬಜೆಟ್ ಕಾಲದಲ್ಲಿ ಮಾತ್ರ ದೇಶದ ಉತ್ತರದ ಕಡೆಯ ಒಂದು ಶಾಸನಸಭೆಯಿಂದ ವಿಮಾನದಲ್ಲಿ ಟೇಪುಗಳು ಬರುತ್ತಿದ್ದವು. ಅಲ್ಲಿನ ಟೈಪಿಸ್ಟುಗಳ ಕೈ ಸೋತು ಮಿಕ್ಕಿದ್ದು ನಮ್ಮ ಪಾಲಿಗೆ.

ಕೆಲಸದ ಕ್ರಮ ಹೀಗಿತ್ತು. ಟೇಪನ್ನು ಸಣ್ಣ ಸಣ್ಣ ತುಂಡು ಮಾಡಿ ಎಲ್ಲರಿಗೂ ಹಂಚುವುದು. ನನ್ನ ತುಂಡು ಎಲ್ಲಿ ಶುರುವಾಗುತ್ತದೋ ಅಲ್ಲಿಂದ ಟೈಪ್, ಎಲ್ಲಿ ಮುಗಿಯುತ್ತದೋ ಅಲ್ಲಿಗೆ ನಿಲ್ಲಿಸು. ಹೀಗಾಗಿ ಒಬ್ಬಳ ಕಿವಿಗೆ ಪ್ರಶ್ನೆ ಬಿದ್ದರೆ ಉತ್ತರ ಇನ್ನೊಬ್ಬಳ ಕಿವಿಗೆ. ತಲೆಬುಡ ಯಾರಿಗೂ ಸಿಗದು, ಸಿಗಬೇಕೆಂದು ಯಾರೂ ಕೇಳುತ್ತಲೂ ಇರಲಿಲ್ಲ. ಕೆಮ್ಮು, ನಗು, ಮೇಜು ಕುಟ್ಟುವ ಸದ್ದು ಇವನ್ನೆಲ್ಲ ಬಿಟ್ಟುಬಿಡಬೇಕು. ಮಾತು ಮಾತ್ರ ಟೈಪ್ ಆಗಬೇಕು.

ಪಕ್ಕದ ಮೇಜಿನಾಕೆ ಆ ಉತ್ತರದ ಕಡೆಯವಳೇ, ಅಲ್ಲಿನ ಮೂಲನಿವಾಸಿಗಳ ಪೈಕಿ. ನನಗಿಂತ ಸ್ವಲ್ಪ ದೊಡ್ಡವಳು. ನನ್ನನ್ನು ಅಕ್ಕತಂಗಿಯರ ಹಾಗೆ 'ಸಿಸ್' ಎಂದು ಕರೆದು, ಹೇಳದೆ ಕೇಳದೆ ನನ್ನ ಡಬ್ಬಿಗೆ ಕೈಹಾಕುತ್ತಿದ್ದಳು. ಚಿತ್ರಾನ್ನ ಕಂಡರೆ, "ನಿನ್ನ ಗಂಡನಿಗೆ ಇವತ್ತು ಏನೂ ಉಳಿಸಿಲ್ಲ ತಾನೇ? ಒಳ್ಳೇದು, ಅವನಿಗೆ ಹೊಟ್ಟೆ ಬಂದಿದೆ" ಅನ್ನುವಳು. ಆ ವರ್ಷ ಅವಳ ನಗು ಕಡಿಮೆಯಾಗಿತ್ತು. ತಾಯಿ ಕಾಲಿನ ಹುಣ್ಣಿಗೆಂದು ಉತ್ತರದ ಪಟ್ಟಣದ ಆಸ್ಪತ್ರೆ ಸೇರಿದ್ದರು. ಹುಣ್ಣು ಮಾಯುತ್ತ ಬಂದಿದ್ದರೂ ಡಾಕ್ಟರು ಮನೆಗೆ ಬಿಡುತ್ತಿರಲಿಲ್ಲ. ಅವರ ಊರಿನ ಬೋರ್‌ವೆಲ್ ಪಂಪು ಕೆಟ್ಟು, ಜನ ಹೊಳೆಯ ಗುಂಡಿಯಿಂದ ನೀರು ತರುತ್ತಿದ್ದರು. ಆ ನೀರು ತಾಗಿದರೆ ಹುಣ್ಣು ಮತ್ತೆ ಕೆರಳುತ್ತದೆ, ಶುದ್ಧ ನೀರು ಬರಲಿ, ಆಮೇಲೆ ಹೋಗಿ ಅಂತ ಡಾಕ್ಟರ ಮಾತು. ಮುದುಕಿ ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾಳೆ, ಮನೆ ಅನ್ನುವುದೊಂದೇ ಮಾತು ಎಂದು ತಂಗಿ ಫೋನ್ ಮಾಡುತ್ತಿದ್ದಳು. ಅವರ ಕಡೆಯ ಶಾಸಕ ಈ ಬಜೆಟ್ಟಿನಲ್ಲಿ ಪಂಪಿನ ವಿಷಯ ಎತ್ತುತ್ತೇನೆಂದು ಮಾತು ಕೊಟ್ಟಿದ್ದ.

ಒಂದು ಬೆಳಿಗ್ಗೆ ಅವಳು ಹೆಡ್‌ಫೋನ್ ತೆಗೆದು ನನ್ನ ಭುಜ ಹಿಡಿದಳು. "ಸಿಸ್, ಕೇಳಿಬಿಟ್ಟ. ನಮ್ಮ ಊರಿನ ಹೆಸರು ಹೇಳಿಯೇ ಕೇಳಿದ. ಪಂಪಿಗೆ ದುಡ್ಡು ಇಟ್ಟಿದ್ದೀರೋ ಇಲ್ಲವೋ, ಆ ನೆಲದ ಹೊಣೆ ಯಾರದು ಅಂತ."

"ಏನಂದರು?"

"ನನ್ನ ತುಂಡು ಅಲ್ಲಿಗೇ ಮುಗೀತು. ಮುಂದಿನದು ನಿನ್ನ ಹತ್ತಿರ ಇದೆ."

ನಾನು ಟೇಪ್ ಓಡಿಸುವ ಕಾಲಿನ ಪೆಡಲ್ ಒತ್ತಿದೆ. ಅವಳು ನನ್ನ ಕುರ್ಚಿಯ ಹಿಂದೆ ನಿಂತಳು. ನೀರಿನ ಇಲಾಖೆಯ ಮಂತ್ರಿಯ ದನಿ ನಿಧಾನ, ಮನೆಯಲ್ಲಿ ಟೀ ಕುಡಿಯುತ್ತ ಮಾತಾಡಿದ ಹಾಗೆ. ಪಂಪು ನಮ್ಮದು, ಅದನ್ನು ಒಪ್ಪುತ್ತೇನೆ. ಆದರೆ ಪಂಪು ಕೂತಿರುವ ನೆಲ ಕೇಂದ್ರ ಸರ್ಕಾರದ್ದು. ನಮ್ಮದಲ್ಲದ ನೆಲಕ್ಕೆ ನಮ್ಮ ಬಜೆಟ್ಟಿನಿಂದ ಖರ್ಚು ಮಾಡಲಾಗದು. ಶಾಸಕ ಬಿಡಲಿಲ್ಲ: ಕೇಂದ್ರದವರು ಆ ನೆಲವನ್ನು ನಿಮಗೇ ಒಪ್ಪಿಸಿದ್ದೇವೆ ಅನ್ನುತ್ತಾರಲ್ಲ? ಮಂತ್ರಿ ಅಂದ, "ಅವರು ಒಪ್ಪಿಸಿರಬಹುದು. ನಾವಿನ್ನೂ ತೆಗೆದುಕೊಂಡಿಲ್ಲ."

ಸಭೆ ನಕ್ಕಿತು. ಒಬ್ಬಿಬ್ಬರಲ್ಲ, ಇಡೀ ಸಭೆ. ಆ ನಗು ಇಳಿಯುವ ಮೊದಲೇ ಸ್ಪೀಕರು ಆ ಇಲಾಖೆಯ ಹಣಕ್ಕೆ ಒಪ್ಪಿಗೆ ಕೇಳಿದರು, ಎಲ್ಲರೂ ಹೌದು ಹೌದು ಎಂದರು, ಮುಂದಿನ ಇಲಾಖೆ ಬಂತು.

ನಾನು ಹೆಡ್‌ಫೋನನ್ನೇ ಅವಳಿಗೆ ಕೊಟ್ಟೆ. ಅವಳು ಕೇಳಿದಳು, ರಿವೈಂಡ್ ಮಾಡಿ ಇನ್ನೊಮ್ಮೆ ಕೇಳಿದಳು. ಆಮೇಲೆ ತನ್ನ ಮೇಜಿಗೆ ಹೋಗಿ ಕೂತು ಮುಂದಿನ ತುಂಡು ಹಾಕಿಕೊಂಡಳು. ನಾನು ಮಂತ್ರಿಯ ಮಾತನ್ನು ಟೈಪ್ ಮಾಡಿದೆ. ನಗುವನ್ನು ನಿಯಮದ ಪ್ರಕಾರ ಬಿಟ್ಟೆ. ಹಾಳೆಯಲ್ಲಿ ನೋಡಿದರೆ ಯಾರೋ ತುಂಬ ಯೋಚನೆ ಮಾಡಿ ಉತ್ತರ ಕೊಟ್ಟ ಹಾಗೆ ಕಾಣುತ್ತಿತ್ತು.

ಮಧ್ಯಾಹ್ನ ನನಗೆ ಬಂದ ತುಂಡಿನಲ್ಲಿ ಪ್ರವಾಸೋದ್ಯಮದ ಮಂತ್ರಿ. ಹೊಳೆಯ ತಿರುವಿನ ಬಂಡೆಗಳನ್ನು ನೋಡಲು ಬರುವವರಿಗೆಂದು ಕಾರ್ ಪಾರ್ಕು, ನೆರಳು, ನೀರಿನ ವ್ಯವಸ್ಥೆಯ ಟಾಯ್ಲೆಟ್ಟು, ಇದಕ್ಕೆಲ್ಲ ಹಣ ಇಟ್ಟಿದ್ದೇವೆ ಎಂದ. ಬೆಳಿಗ್ಗೆಯ ಅದೇ ಊರಿನ ಹೆಸರು ಹೇಳಿದ. ನಾನು ಟೇಪ್ ನಿಲ್ಲಿಸಿದೆ. ಪಕ್ಕದವಳನ್ನು ಕರೆದು ಕೇಳಿಸಿದೆ.

"ಇದು ನಿಮ್ಮೂರೇನಾ?"

"ಅದೇ ನೆಲ, ಅದೇ ಬೇಲಿಯ ಒಳಗೆ. ಅಮ್ಮನ ಮನೆಯಿಂದ ಕೂಗಿದರೆ ಕೇಳುತ್ತೆ."

ನಮ್ಮ ಸೂಪರ್‌ವೈಸರ್ ಕೆಟ್ಟ ಮನುಷ್ಯನಲ್ಲ, ಆದರೆ ಟೇಪಿನ ಮಾತು ಆಫೀಸಿನ ಹೊರಗೆ ಹೋಗಬಾರದೆಂದು ನಮ್ಮಿಂದ ಸಹಿ ಮಾಡಿಸಿಕೊಂಡಿದ್ದವನು. ಅವಳು ಎದ್ದು ಹೋಗಿ ಅವನ ಎದುರು ನಿಂತು, "ನಾನು ಒಂದು ಫೋನ್ ಮಾಡುತ್ತೇನೆ. ಆಮೇಲೆ ಬೇಕಾದರೆ ಕೆಲಸದಿಂದ ತೆಗಿ" ಎಂದಳು. ಅವನು ಕನ್ನಡಕ ಒರೆಸಿಕೊಂಡು ಫೋನನ್ನು ಅವಳ ಕಡೆ ತಳ್ಳಿದ.

ನನಗಂತೂ ನಾವೇನೋ ಕಂಡುಹಿಡಿದುಬಿಟ್ಟೆವು ಎಂಬ ಸಂಭ್ರಮ. ತುಂಡು ತುಂಡು ಮಾಡಿ ಹಂಚಿದ್ದರಿಂದ ಯಾರಿಗೂ ಗೊತ್ತಾಗಿಲ್ಲ, ಈಗ ಶಾಸಕನಿಗೆ ಹೇಳಿದರೆ ಎದ್ದು ನಿಂತು ಮಂತ್ರಿಯ ಬೆವರಿಳಿಸುತ್ತಾನೆ, ಪಂಪು ಬರುತ್ತದೆ, ಮುದುಕಿ ಮನೆಗೆ ಹೋಗುತ್ತಾಳೆ. ಅವಳು ಫೋನಿನಲ್ಲಿ ಶಾಸಕನ ಕಚೇರಿಯವರಿಗೆ ಎಲ್ಲ ವಿವರಿಸಿದಳು. ಆಮೇಲೆ ಬಹಳ ಹೊತ್ತು ಕೇಳುತ್ತಲೇ ಇದ್ದಳು.

"ಏನಂತೆ?" ಎಂದೆ.

"ಅವನಿಗೆ ಗೊತ್ತಂತೆ. ಅಲ್ಲೇ ಕೂತಿದ್ದನಲ್ಲ ಸಿಸ್. ಎಲ್ಲರೂ ಅಲ್ಲೇ ಕೂತಿದ್ದರು. ಎರಡನ್ನೂ ಕೇಳಿದ್ದಾರೆ."

ಅದು ನನಗೆ ಹೊಳೆದೇ ಇರಲಿಲ್ಲ. ತುಂಡು ತುಂಡಾಗಿ ಕೇಳಿದವರು ನಾವು ಮಾತ್ರ. ಅವರು ಇಡಿಯಾಗಿ ಕೇಳಿ, ಇಡಿಯಾಗಿ ಒಪ್ಪಿ, ಮನೆಗೆ ಹೋಗಿದ್ದರು. ಪ್ರವಾಸೋದ್ಯಮದ ಲೆಕ್ಕ ಬೇರೆ, ಕುಡಿಯುವ ನೀರಿನ ಲೆಕ್ಕ ಬೇರೆ, ಒಂದರ ಪ್ರಶ್ನೆಯನ್ನು ಇನ್ನೊಂದರಲ್ಲಿ ಎತ್ತುವ ಪದ್ಧತಿಯಿಲ್ಲ ಎಂದು ಶಾಸಕನ ಕಚೇರಿಯವರು ಅಂದರಂತೆ.

ಸಂಜೆ ಹುಳಿಗೆ ಒಗ್ಗರಣೆ ಹಾಕುತ್ತ ನಮ್ಮವರಿಗೆ ಹೇಳಿದೆ. ಅವರು ಪೇಪರು ಮಡಿಸಿಟ್ಟು, "ನಿಮ್ಮ ತಾತನ ವಠಾರದ ಬಾವಿ ಮರೆತೆಯೇನೆ? ಹೂಳು ತೆಗೆಸೋಕೆ ಬಾವಿ ಯಾರದೂ ಅಲ್ಲ. ಪಕ್ಕದ ಸಂಪಿಗೆ ಮರಕ್ಕೆ ಮಾತ್ರ ಎಲ್ಲರೂ ಪಾಲುದಾರರು" ಎಂದರು.

"ಅದು ಸರಿ ರೀ. ಆದರೆ ನಮ್ಮ ಚಿಕ್ಕಪ್ಪಂದಿರು ಜಗಳ ಆಡುತ್ತಿದ್ದರು. ಹೀಗೆ ನಗುತ್ತಿರಲಿಲ್ಲ."

ಮಗಳು ಟಿವಿ ಮುಂದಿನಿಂದ "ಮಮ್, ಸಮ್‌ಥಿಂಗ್ಸ್ ಬರ್ನಿಂಗ್" ಎಂದಳು. ಸಾಸಿವೆ ಸೀದುಹೋಗಿತ್ತು.

ತೊಂಬತ್ತರ ದಶಕದ ಮೊದಲಿಗೆ ಇವರಿಗೆ ಮೆಲ್ಬರ್ನಿನಲ್ಲಿ ಕೆಲಸವಾಗಿ ನಾವು ಅದರ ಹೊರವಲಯದ ವೆರಿಬೀಗೆ ಬಂದೆವು. ಅಷ್ಟು ಹೊತ್ತಿಗೆ ಅವಳೂ ಕೆಲಸ ಬಿಟ್ಟು ಊರ ಕಡೆ ಹೋಗಿದ್ದಳು. ಒಂದು ಭಾನುವಾರ ನಾನು ದೋಸೆ ಹಿಟ್ಟು ರುಬ್ಬುತ್ತಿದ್ದಾಗ ಅವಳ ಫೋನು ಬಂತು. ಮೊದಲು ಕೇಳಿದ್ದೇ ತಾಯಿಯನ್ನು.

"ಅಮ್ಮ ಮನೆಯಲ್ಲೇ ಇದ್ದಾಳೆ. ಆಸ್ಪತ್ರೆಯಲ್ಲಿ ಯಾರಿಗೂ ಹೇಳದೆ ಕರಕೊಂಡು ಬಂದೆ. ಕಾಲು ಚೆನ್ನಾಗಿದೆ."

"ಹಾಗಾದರೆ ಪಂಪು ಆಯ್ತಾ?"

"ಪಂಪು ಎಲ್ಲಿಂದ ಬರಬೇಕು? ನೆಲ ಇನ್ನೂ ಯಾರದೂ ಆಗಿಲ್ಲ. ಕಾರ್ ಪಾರ್ಕು ಆಗಿದೆ. ಟಾಯ್ಲೆಟ್ಟಿನ ಹಿಂದೆ ಒಂದು ನಲ್ಲಿ ಇದೆ, ಅಲ್ಲಿಂದ ಹೊತ್ತು ತರುತ್ತೇವೆ. ನೀರು ಒಳ್ಳೆಯದು. ಊರಿಗೆಲ್ಲ ಅದೇ ಈಗ."

"ಯಾರೂ ಏನೂ ಅನ್ನಲ್ಲವಾ?"

"ಇಲ್ಲ. ಟೂರಿಸ್ಟ್ ಬಸ್ಸು ನಿಂತಿದ್ದರೆ ಮಾತ್ರ ಅಮ್ಮ ನಮ್ಮನ್ನು ಕಳಿಸಲ್ಲ, ಬಸ್ಸು ಹೋಗೋವರೆಗೆ ಕಾಯಿರಿ ಅಂತಾಳೆ. ನಾವು ಬಕೆಟ್ ಹಿಡಿದು ಸಾಲಾಗಿ ಬರೋದನ್ನು ಕಂಡರೆ ಅವರು ಫೋಟೋ ತೆಗೀತಾರೆ."