ಗಬ್ಬದ ಕುದುರೆಗಳಿಗೆ ನಾನು ಆರಿಸಿದ ಜಾಗ

ಆ ನಾಲ್ಕು ಮರಿಗಳು ತಾಯಿಯ ಹೊಟ್ಟೆಯಲ್ಲೇ ಸತ್ತದ್ದು ಖಾಜಾ ಭಾಯಿಯ ತಪ್ಪಿನಿಂದಲ್ಲ — ನನ್ನಿಂದ. ಹದಿನೈದು ವರ್ಷದಿಂದ ನಾನಿದನ್ನು ಬಲ್ಲೆ.

ನಗರದ ಅಂಚಿನ ಗಚ್ಚಿಬೌಲಿಯ ಆಚೆ ನಮ್ಮ ಡಾಕ್ಟರ್ ಸಾಹೇಬರ ಕುದುರೆ ಫಾರ್ಮ್ ಇತ್ತು. ಯಾವ ಕುದುರೆ ಎಷ್ಟು ತಿಂದಿತು, ಯಾವುದಕ್ಕೆ ಎಷ್ಟನೇ ತಿಂಗಳು — ದಿನವೂ ಬರೆದಿಡುವುದು ನನ್ನ ಕೆಲಸ. ಅವುಗಳನ್ನು ಸಾಕಿದ್ದು ಬೀದರಿನ ಖಾಜಾ ಭಾಯಿ. ಸುತ್ತ ಗಾಜಿನ ಕಚೇರಿಗಳು ಎದ್ದವು; ನಮ್ಮ ಜಾಗವೂ ಮಾರಾಟವಾಯಿತು. ಗಬ್ಬದ ನಾಲ್ಕು ಕುದುರೆಗಳನ್ನು ಮರಿ ಹಾಕುವ ತನಕ ಬೇರೆಯವರ ಫಾರ್ಮಿನಲ್ಲಿ ಬಿಡಬೇಕಾಯಿತು. ಜಾಗ ನೋಡಿ ಬರಲು ಸಾಹೇಬರು ನನ್ನನ್ನೇ ಕಳಿಸಿದರು.

"ಹೇಳದೆ ಹೋಗ್ರಿ ಅಕ್ಕಾವ್ರ," ಅಂದಿದ್ದರು ಖಾಜಾ ಭಾಯಿ. "ಹೇಳಿ ಹೋದ್ರ ಮದುವಿ ಮನಿ ಮಾಡಿ ಇಟ್ಟಿರ್ತಾರ. ಹೊಸಾ ಕುದುರಿ ಬಂದ್ರ ಗಬ್ಬದವುಗಳ ಹತ್ರ ಬಿಡ್ತಾರೇನು, ಅದೊಂದು ನೋಡ್ರಿ; ಕೆಮ್ಮು ತಗುಲಿದ್ರ ಗಬ್ಬ ಬೀಳ್ತದ. ಹುಲ್ಲು ಕಮ್ಮಿ ಇದ್ರ ಇರ್ಲಿ, ನಾ ತಲಿ ಮ್ಯಾಲ ಹೊತ್ತು ಒಯ್ತೀನಿ."

ಆದರೆ ಆ ಫಾರ್ಮಿನ ಮ್ಯಾನೇಜರು ನನಗೆ ಬೀಗರಾಗಲಿದ್ದವರು. ಮಗಳ ನಿಶ್ಚಿತಾರ್ಥಕ್ಕೆ ಹನ್ನೆರಡು ದಿನ ಉಳಿದಿತ್ತು. ಬೀಗರ ಕಡೆಗೆ ಹೇಳದೆ ಹೋಗುವುದೆಂದರೆ — ಪರೀಕ್ಷೆ ಮಾಡಲು ಬಂದಳು ಅನ್ನುವುದಿಲ್ಲವೇ? ಹಿಂದಿನ ದಿನವೇ ಫೋನ್ ಮಾಡಿದೆ. ಹೋಳಿಗೆ ಮಾಡಿಸಿದ್ದರು.

ಊಟಕ್ಕೆ ಮುಂಚೆ ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಲ್ಲಿ ಒಂದು ಕುದುರೆ, ಮೂಗು ಸೋರುತ್ತಿತ್ತು, ಕೆಮ್ಮುತ್ತಿತ್ತು. ಅಲ್ಲಿಯ ಗಬ್ಬದ ಕುದುರೆಗಳು ಕುಡಿಯುವ ತೊಟ್ಟಿಗೇ ಬಾಯಿ ಹಾಕಿತ್ತು.

"ಇದು..." ಹಿಂದೆಯೇ ಬಂದ ಬೀಗರನ್ನು ಕೇಳಿದೆ.

"ರೇಸಿಂದು, ನಿನ್ನೆ ಬಂತ್ರಿ. ಧೂಳಿನ ಕೆಮ್ಮು. ಬರ್ರಿ ಬೀಗತ್ಯಾರ, ಹೋಳಗಿ ಆರ್ತಾವ. ಕುದುರಿ ಎಲ್ಲಿ ಓಡಿ ಹೋಗ್ತಾವ!"

ನಾನು ನಕ್ಕೆ. ಎರಡು ಹೋಳಿಗೆ ತಿಂದೆ, ತುಪ್ಪ ಹಾಕಿಸಿಕೊಂಡು. ಮರುದಿನ ಪುಸ್ತಕದಲ್ಲಿ ಬರೆದೆ: ಹೊಸ ಕುದುರೆಗಳನ್ನು ಬೇರೆ ಕಟ್ಟುತ್ತಾರೆ, ಜಾಗ ಚೆನ್ನಾಗಿದೆ.

ಆ ವಾರವೇ ಖಾಜಾ ಭಾಯಿ ನಾಲ್ಕನ್ನೂ ಲಾರಿಯಲ್ಲಿ ಕರೆದೊಯ್ದು ಬಿಟ್ಟು ಬಂದರು. ಮೂರನೇ ವಾರದಿಂದ ಒಂದಾದ ಮೇಲೊಂದರ ಗಬ್ಬ ಬಿದ್ದು ಹೋಯಿತು. ನೂರಿ ಅನ್ನುವುದು — ಖಾಜಾ ಭಾಯಿ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದು — ತಾನೂ ಏಳಲಿಲ್ಲ. ಪಶುವೈದ್ಯರು ಸೋಂಕಿರಬಹುದು ಅಂದರು. ಬೀಗರು ಮಾತ್ರ, ಖಾಜಾ ಭಾಯಿ ಲಾರಿ ಜೋರಾಗಿ ಓಡಿಸಿದ್ದಕ್ಕೇ ಒಳಪೆಟ್ಟಾಗಿದೆ ಎಂದು ಹಟ ಹಿಡಿದರು. ಸಾಹೇಬರು ನನ್ನನ್ನು ಕರೆದು ಕೇಳಿದರು:

"ನೀವು ನೋಡಿದಾಗ ಜಡ್ಡಾದ ಕುದುರಿ ಯಾವುದಾರ ಇತ್ತೇನ್ರಿ ಅಲ್ಲಿ?"

"ಇಲ್ರಿ."

ಅಷ್ಟೇ. ಖಾಜಾ ಭಾಯಿಯನ್ನು ಅಂದೇ ಕೆಲಸದಿಂದ ಬಿಡಿಸಿದರು. ಇಪ್ಪತ್ತೆರಡು ವರ್ಷದ ಚಾಕರಿ. ತಮ್ಮ ಫಾರ್ಮಿನ ಬೇರೆ ಕುದುರೆಗಳ ಗಬ್ಬವೂ ಆಗ ಬಿದ್ದು ಹೋಗಿತ್ತೆಂದು ಬೀಗರು ಮದುವೆಯ ನಂತರ ನನ್ನೊಬ್ಬಳಿಗೆ ಹೇಳಿದರು. ಆಗಲೂ ನಾನು — ಮಗಳು ಆ ಮನೆಯಲ್ಲಿದ್ದಳು. ಇಲ್ಲ, ಅದೊಂದು ನೆಪ. ನನಗೆ ಧೈರ್ಯವಿರಲಿಲ್ಲ.

ಕಳೆದ ತಿಂಗಳು ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಖಾಜಾ ಭಾಯಿಯನ್ನು ಕಂಡೆ. ವಾಚ್‌ಮನ್ ಬಟ್ಟೆ, ಒಳಗೆ ಇಳಿದ ಕೆನ್ನೆ. ನನ್ನ ಮಗಳ ಮಕ್ಕಳ ಹೆಸರು ಕೇಳಿದರು, ನಕ್ಕರು. ಆಮೇಲೆ ತಾವಾಗಿಯೇ ಅಂದರು:

"ಅವತ್ತು ತಿರುವಿನ್ಯಾಗ ನಾ ಲಾರಿ ನಿಧಾನ ಹೊಡೀಬೇಕಿತ್ರಿ ಅಕ್ಕಾವ್ರ. ನೂರಿ ನನ್ನ ಕೈಯಾರೆ ಹೋತು."

ಇಷ್ಟು ವರ್ಷ ಅದನ್ನೇ ನಂಬಿಕೊಂಡು ಬದುಕಿದ್ದರು. ಬಾಯಿ ತೆರೆದೆ. ಹೇಳಿಬಿಡಬೇಕೆಂದೇ ತೆರೆದೆ.

"ಹೋಗ್ಲಿ ಬಿಡ್ರಿ ಭಾಯಿ," ಅಂದೆ — ಕ್ಷಮಿಸುವವಳ ಹಾಗೆ.

ಅವರು ಕಣ್ಣೊರೆಸಿಕೊಂಡು ನನಗೆ ಸಲಾಮು ಮಾಡಿದರು.