ಧಾರೆ ಎರೆದ ಆಳು

ನಮ್ಮಣ್ಣ ಯಾರು ಎದುರಾದರೂ ಮುಷ್ಟಿ ಚಾಚಿ ಬಿಚ್ಚುತ್ತಿದ್ದ. ಕಪ್ಪು ಗೊಬ್ಬರ ರಾಗಿಹಿಟ್ಟಿನಂತೆ ಉದುರುತ್ತಿತ್ತು. "ಮೂಸಿ ನೋಡಿ ಮಾತಾಡು" ಅನ್ನುತ್ತಿದ್ದ. ತರೀಕೆರೆ ಪೇಟೆಯ ಕಕ್ಕಸುಗಳ ಹೇಲನ್ನು ಗಾಡಿಯಲ್ಲಿ ತಂದು, ಬೂದಿ, ಕೆಮ್ಮಣ್ಣು ಬೆರೆಸಿ, ಗುಂಡಿಯಲ್ಲಿ ವರ್ಷ ಮುಚ್ಚಿಟ್ಟು ತೆಗೆದ ಗೊಬ್ಬರ ಅದು. ನಮ್ಮ ಕಲ್ಲುಹೊಲದ ಕುಂಬಳಕಾಯಿ ಎತ್ತಲು ಇಬ್ಬರು ಬೇಕಾಗುತ್ತಿತ್ತು. ನಾನು ಮಾತ್ರ ಮೂಗು ಮುಚ್ಚಿಕೊಂಡು ಓಡುತ್ತಿದ್ದೆ.

ನನ್ನನ್ನು ನೋಡಲು ಅಜ್ಜಂಪುರದವರು ಬಂದ ದಿನ, ಸಂಬಂಧ ತಪ್ಪೀತೆಂದು ಹೆದರಿ ಅವನನ್ನು ಹಿತ್ತಲಿಗೆ ಕಳಿಸಿದೆ. ಅಣ್ಣ ಕಡೂರಿಗೆ ಹೋಗಿದ್ದಾನೆ ಎಂದುಬಿಟ್ಟೆ. ಹಿತ್ತಲಿಗೆ ಹೋಗಿದ್ದ ಗಂಡಿನ ತಾಯಿ ಸೆರಗಿನಲ್ಲಿ ಗೊಬ್ಬರ ಕಟ್ಟಿಕೊಂಡೇ ಬಂದರು.

"ಊರಿನ ಹೇಲಂತೆ! ಮೂಸಿದ್ರೆ ಬರೀ ಮಣ್ಣು ಕಣೇ! ಯಾರೇ ಅವ್ನು?"

"ನಮ್ಮ ಆಳು" ಎಂದೆ.

ಅವರ ಹಿಂದೆಯೇ ಬಂದಿದ್ದ ಅಣ್ಣ, "ಹೂಂ ಕಣವ್ವ, ಆಳೇ" ಎಂದು ನಕ್ಕ.

ಅಪ್ಪನಿಲ್ಲದ ಮನೆಯಲ್ಲಿ ನನ್ನನ್ನು ಧಾರೆ ಎರೆದು ಕೊಡಬೇಕಾದವನು ಅವನೇ ಎಂಬುದು ಸುಳ್ಳು ಹೇಳುವಾಗ ನನಗೆ ಹೊಳೆಯಲಿಲ್ಲ. ಮದುವೆಯ ದಿನ ಅವನು ಚೆಂಬು ಹಿಡಿದು ನಿಂತಾಗ ಅತ್ತೆ ಕೂಗಿಯೇಬಿಟ್ಟರು.

"ಲೇ, ನೀನು ಆಳಲ್ವೇನೋ?"

"ಆಳೂ ನಾನೇ, ಅಣ್ಣನೂ ನಾನೇ ಕಣವ್ವ. ಒಯ್ದ ಗೊಬ್ಬರ ಹೆಂಗೈತೆ?"

"ಸೋರೆಬಳ್ಳಿ ಮನೆ ಸೂರು ಹತ್ತೈತೆ ಕಣಪ್ಪಾ!"

ಚಪ್ಪರವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಣ್ಣ. ಆಗಲಾದರೂ "ನಮ್ಮಣ್ಣ" ಅನ್ನಬಹುದಿತ್ತು. ನಾನು ಬಾಸಿಂಗದ ಮರೆಯಲ್ಲಿ ತಲೆ ತಗ್ಗಿಸಿದ್ದೆ. ಧಾರೆ ಎರೆಯುವ ಅವನ ಕೈ ನನ್ನ ಮುಖದ ಹತ್ತಿರ ಬಂತು. ಮೊದಲ ಸಲ ಮೂಸಿದೆ. ಮಳೆ ಬಿದ್ದ ನೆಲದ ವಾಸನೆ.