ತಂಗಿಯ ತಟ್ಟೆಗೆ ಮೇಲಿನ ಸಾರು

ಆ ಸರ್ವೆ ಕಟ್ಟಿಗೆಯ ಹೊಗೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ವಿಶಾಖಪಟ್ಟಣದಾಚೆ ಅಚ್ಯುತಾಪುರಂ ದಾರಿಯ ಒಂದು ಊರಿನಲ್ಲಿ, ಸರ್ಕಾರಿ ಶಾಲೆಯ ಹಿಂದಿನ ತಗಡಿನ ಚಪ್ಪರದಡಿ, ನಾವು ಮೂವರು ಹೆಂಗಸರು ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುತ್ತಿದ್ದೆವು. ಆಗ ನನಗೆ ಹತ್ತೊಂಬತ್ತು. ನನ್ನ ತಂಗಿ ಅದೇ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದುತ್ತಿದ್ದಳು.

ನಮ್ಮದು ತುಮಕೂರು ಕಡೆ. ಉಕ್ಕಿನ ಕಾರ್ಖಾನೆಯ ಕಂಟ್ರಾಕ್ಟ್ ಕೆಲಸಕ್ಕೆಂದು ಅಪ್ಪ ನಮ್ಮನ್ನು ವಿಶಾಖಪಟ್ಟಣಕ್ಕೆ ಕರೆತಂದಿದ್ದ. ಅವನು ತೀರಿಕೊಂಡ ಮೇಲೆ ಅಮ್ಮ ಸೀಗಡಿ ಸುಲಿಯುವ ಕಾರ್ಖಾನೆಗೆ ಸೇರಿದಳು. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಬರೆಯುವುದು ಈಗಲೂ ನಿಧಾನ. ಅಮ್ಮ ಬೆಳಗಾಗುವ ಮುಂಚೆ ಕಂಪನಿ ಬಸ್ಸು ಹತ್ತುತ್ತಿದ್ದಳು. ಬೆಳಿಗ್ಗೆ ನಮಗೆ ಟೀ, ಬನ್ನು ಅಷ್ಟೇ. ತಂಗಿಗೆ ದಿನದ ದೊಡ್ಡ ಊಟವೆಂದರೆ ಶಾಲೆಯದೇ.

ಆ ಚಪ್ಪರ ನನಗೆ ಬಹಳ ಇಷ್ಟವಾಗಿತ್ತು. ಬೇಳೆ ಕುದಿಯಲು ಇಟ್ಟು ಸೋರೆಕಾಯಿ ಹೆಚ್ಚುತ್ತಾ ಕೂತರೆ ಒಳಗಿನಿಂದ ಮಗ್ಗಿ ಕೇಳುತ್ತಿತ್ತು. ತೆಲುಗು ಮಗ್ಗಿ ನಾನು ಕಲಿತದ್ದು ಅಲ್ಲೇ, ಹೊರಗೆ ಕೂತು. ಒಗ್ಗರಣೆ ಬಿದ್ದರೆ ಮಗ್ಗಿಯ ದನಿ ಇಳಿದುಹೋಗುತ್ತಿತ್ತು, ಮಕ್ಕಳ ಗಮನವೆಲ್ಲ ನಮ್ಮ ಕಡೆ. ಮೊಟ್ಟೆಯ ದಿನ ಒಬ್ಬರೂ ಶಾಲೆ ತಪ್ಪಿಸುತ್ತಿರಲಿಲ್ಲ. ಹಳದಿಯನ್ನು ಕೊನೆಗೆಂದು ತಟ್ಟೆಯ ಅಂಚಿಗಿಟ್ಟು, ಅದನ್ನು ಕಾಯುತ್ತಲೇ ಅನ್ನ ತಿನ್ನುವ ಮಕ್ಕಳಿದ್ದವು.

ನಮ್ಮ ಮೂವರಲ್ಲಿ ಹಿರಿಯಳನ್ನು ಎಲ್ಲರೂ ತೆಲುಗಿನಲ್ಲಿ ಪೆದ್ದಮ್ಮ, ಅಂದರೆ ದೊಡ್ಡಮ್ಮ, ಎನ್ನುತ್ತಿದ್ದೆವು. ಬಾಯಿ ಜೋರು, ಮನಸ್ಸು ಒಳ್ಳೆಯದು. ನಾನು ಸಾರು ಬಡಿಸಲು ನಿಂತ ಮೊದಲ ದಿನ, ಸಾಲಿನಲ್ಲಿ ತಂಗಿಯನ್ನು ನೋಡಿ ತೆಲುಗಿನಲ್ಲಿ ಕೂಗಿದಳು: “ಅಮ್ಮಾಯ್, ನಿನ್ನ ತಂಗಿ ಬಂದ್ಲು. ಇನ್ನು ನಿನ್ನ ಸೌಟು ತಳದ ತನಕ ಹೋಗುತ್ತೆ ಬಿಡು.”

“ಕನ್ನಡದವರ ಸೌಟು ಉದ್ದವಂತೆ” ಎಂದಳು ಇನ್ನೊಬ್ಬಳು.

ತಮಾಷೆಯೇ. ಮಕ್ಕಳೂ ನಕ್ಕರು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ಬಡಿಸುವವರಿಗೆ ಗೊತ್ತು: ಬೇಳೆ, ತರಕಾರಿ ತಳದಲ್ಲಿರುತ್ತದೆ, ಮೇಲೆ ಬರೀ ತಿಳಿ. ಪ್ರತಿ ತಟ್ಟೆಗೂ ಒಮ್ಮೆ ಕಲಕಿ ಬಡಿಸಬೇಕು. ಎಲ್ಲರಿಗೂ ಹಾಗೆ ಮಾಡುತ್ತಿದ್ದೆ. ತಂಗಿಗೆ ಮಾತ್ರ ಕಲಕದೆ ಮೇಲಿನದನ್ನೇ ಹಾಕುತ್ತಿದ್ದೆ. ಮೊಟ್ಟೆಯ ದಿನ ಎಲ್ಲಕ್ಕಿಂತ ಚಿಕ್ಕದು ಅವಳಿಗೆ. ಎರಡನೆಯ ಸಲ ಬಂದರೆ ಕಣ್ಣಲ್ಲೇ ಹೆದರಿಸಿ ಕಳಿಸುತ್ತಿದ್ದೆ. “ಈ ಹುಡುಗಿ ನೆಟ್ಟಗಿನವಳು” ಎಂದು ಪೆದ್ದಮ್ಮನೇ ಮೇಷ್ಟ್ರ ಮುಂದೆ ಹೊಗಳಿದಳು. ಆ ಮಾತು ಹಿತವಾಗಿತ್ತು. ಒಂದೂವರೆ ವರ್ಷ ಹಾಗೇ ನಡೆಸಿದೆ.

ಒಂದು ದಿನ ಮಕ್ಕಳ ಎತ್ತರ, ತೂಕ ನೋಡಲು ನರ್ಸಮ್ಮ ಬಂದರು. ತಂಗಿಯ ಕೆಳರೆಪ್ಪೆ ಎಳೆದು, “ರಕ್ತವೇ ಇಲ್ವಲ್ಲಮ್ಮಾ, ಊಟ ಮಾಡಲ್ವಾ?” ಎಂದು ಕೇಳಿದರು.

“ನಮ್ಮಕ್ಕನೇ ಬಡಿಸೋದು” ಎಂದು ತಂಗಿ ನನ್ನ ಕಡೆ ಕೈ ತೋರಿಸಿದಳು. ಹೆಮ್ಮೆಯಿಂದಲೇ.

“ಹಾಗಾದ್ರೆ ನೀನೇ ಬಿಸಾಡ್ತಿದೀಯ” ಎಂದು ಅವರು ರಕ್ತದ ಮಾತ್ರೆ ಕೊಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ.

ಸಂಜೆ ಅಮ್ಮನಿಗೆ ಗೊತ್ತಾಯಿತು. “ನಿಮ್ಮಕ್ಕ ಹೊಗೇಲಿ ಬೆಂದು ಮಾಡ್ತಾಳೆ, ನೀನು ಬಿಸಾಕ್ತೀಯೇನೆ?”

“ಇಲ್ಲಮ್ಮ, ತಿಂತೀನಿ.”

“ತಿಂದಿದ್ರೆ ಹಿಂಗ್ಯಾಕಿರ್ತಿದ್ದೆ?” ಎಂದು ಬೆನ್ನಿಗೆ ಎರಡು ಬಿಟ್ಟಳು. ತಂಗಿ ನನ್ನನ್ನೇ ನೋಡಿದಳು. ನಾನು ಬಟ್ಟೆ ಮಡಿಸುತ್ತಿದ್ದೆ.

ಮಾರನೆಯ ದಿನದಿಂದ ಅವಳಿಗೂ ಕಲಕಿ ಬಡಿಸಿದೆ. ಆದರೆ ಅನ್ನ ಬಿಸಾಡೋಳು ಎಂಬ ಹೆಸರು ಅವಳಿಗೆ ಅಂಟಿಕೊಂಡಿತು. ಅವಳ ಮದುವೆಯ ಮನೆಯಲ್ಲೂ ಅಮ್ಮ ಬೀಗರಿಗೆ ಅದನ್ನೇ ಹೇಳಿ ನಗಿಸಿದಳು.

ತಂಗಿ ಈಗ ವಿಜಯವಾಡದಲ್ಲಿದ್ದಾಳೆ, ತುಂಬು ಬಸುರಿ. ಹೋದ ತಿಂಗಳು ನೋಡಲು ಹೋಗಿದ್ದೆ. ಮತ್ತೆ ರಕ್ತ ಕಡಿಮೆ ಎಂದಿದ್ದರು ಡಾಕ್ಟರು. ಅದನ್ನು ಕೇಳಿ ಅಮ್ಮ ಫೋನಿನಲ್ಲಿ, “ಇನ್ನೂ ಬಿಸಾಕೋದು ಬಿಟ್ಟಿಲ್ವೇನೆ?” ಎಂದಳು. ತಂಗಿ ನಕ್ಕು ಫೋನ್ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ, “ಅಕ್ಕ, ಒಂದಗುಳೂ ಬಿಸಾಕಿಲ್ಲ ಕಣೆ ನಾನು. ನೀನಾದ್ರೂ ನಂಬ್ತೀಯ ತಾನೆ?” ಎಂದಳು.

ಆಗ ಹೇಳಿದೆ, ಎಲ್ಲವನ್ನೂ.

“ಸ್ಕೂಲ್ ಸಾರೇ ಹಂಗೆ ಅನ್ಕೊಂಡಿದ್ದೆ” ಎಂದಳು. ಆಮೇಲೆ, “ನಂಗಲ್ಲ, ಅಮ್ಮಂಗೆ ಹೇಳು.”

ಅಮ್ಮ ವಿಶಾಖಪಟ್ಟಣದ ಮಧುರವಾಡದಲ್ಲಿ ನನ್ನ ಜೊತೆಗೇ ಇರುವುದು. ಮನೆಗೆ ಬಂದು ಮೂರು ದಿನ ಹೇಳಲಾಗಲಿಲ್ಲ. ನಾಲ್ಕನೆಯ ದಿನ, ಅವಳು ಸೊಪ್ಪು ಬಿಡಿಸುತ್ತಿದ್ದಾಗ ಹೇಳಿದೆ. ಬೈಯುತ್ತಾಳೆಂದು ಕಾದೆ. ಅವಳು ಸೊಪ್ಪನ್ನು ಪೂರ್ತಿ ಬಿಡಿಸಿ ಮುಗಿಸಿದಳು. “ಹೊಡ್ದಿದ್ದು ನಾನು” ಎಂದಳು, ಅಷ್ಟೇ. ಮರುದಿನವೇ ಬಟ್ಟೆ ಕಟ್ಟಿಕೊಂಡು ವಿಜಯವಾಡದ ರೈಲಿಗೆ ಹೊರಟಳು.

“ಬಾಣಂತನ ಮುಗಿಸ್ಕೊಂಡು ಬತ್ತೀನಿ. ನೀನು ಈಗ್ಲೆ ಬರ್ಬೇಡ.”

ಅವಳು ಹೋಗಿ ಹನ್ನೆರಡು ದಿನವಾಯಿತು. ತಂಗಿ ದಿನವೂ ಫೋನ್ ಮಾಡುತ್ತಾಳೆ, ಅಮ್ಮ ಇನ್ನೂ ನನ್ನ ಜೊತೆ ಮಾತಾಡಿಲ್ಲ. “ಅಮ್ಮ ಇಲ್ಲೇ ಇದಾಳೆ, ಕೊಡ್ಲಾ?” ಎಂದು ನಿನ್ನೆಯೂ ಕೇಳಿದಳು.

“ಬೇಡ, ಅವಳಾಗೇ ಫೋನ್ ಕೇಳಿದಾಗ ಕೊಡು” ಎಂದೆ.